ಕಾಡಿನ ದೇವರಿಗೆ ಟಿಕ್ ಟಿಕ್ ಎದೆಬಡಿತ

ಎಪ್ಪತ್ತರ ದಶಕದ ಇಟಾಲಿಯನ್ ಕಾಡು ಚಿತ್ರಗಳ ರುಚಿ ಹತ್ತಿದವರು ಕಥೆ ಗೊತ್ತಿದ್ದರೂ ಮತ್ತೆ ಮತ್ತೆ ನೋಡುವ ಚಿತ್ರವೊಂದಿದೆ: ಸೆರ್ಜಿಯೊ ಮಾರ್ಟಿನೊ 1978ರಲ್ಲಿ ನಿರ್ದೇಶಿಸಿದ ‘ದಿ ಮೌಂಟನ್ ಆಫ್ ದಿ ಕ್ಯಾನಿಬಲ್ ಗಾಡ್’. ಉಂಬೆರ್ಟೊ ಲೆಂಝಿ 1972ರಲ್ಲಿ ಥಾಯ್ಲೆಂಡ್‌ನ ಕಾಡಿನಿಂದ ಶುರು ಮಾಡಿದ ನರಭಕ್ಷಕರ ಚಿತ್ರಗಳ ಸಾಲಿನಲ್ಲಿ ಸಾಹಸದ ಕಸುವು ಹೆಚ್ಚಾಗಿರುವುದು ಇದರಲ್ಲೇ.

ಕಥೆ ನಡೆಯುವುದು ನ್ಯೂಗಿನಿಯಲ್ಲಿ. ಪರದೆಯ ಮೇಲಿನ ದಟ್ಟ ಹಸಿರು ಬಹುಪಾಲು ಶ್ರೀಲಂಕಾದ್ದು. ಕಾಣೆಯಾದ ಗಂಡನನ್ನು ಹುಡುಕಿಕೊಂಡು ಸೂಸನ್ ಹೊರಡುತ್ತಾಳೆ. ಆ ಪಾತ್ರದಲ್ಲಿ, ‘ಡಾಕ್ಟರ್ ನೋ’ ಚಿತ್ರದಲ್ಲಿ ಕಡಲಿನಿಂದ ಎದ್ದು ಬಂದಿದ್ದ ಉರ್ಸುಲಾ ಆಂಡ್ರೆಸ್. ಜೊತೆಗೆ ಸಹೋದರ ಆರ್ಥರ್. ದಾರಿ ತೋರಿಸಲು ಸ್ಟೇಸಿ ಕೀಚ್ ನಟಿಸಿರುವ ಪ್ರೊಫೆಸರ್ ಫಾಸ್ಟರ್. ಒಬ್ಬರೂ ಬಾಯಲ್ಲಿ ಹೇಳಿದ ಕೆಲಸಕ್ಕೆ ಬಂದವರಲ್ಲ. ಹಿಂದೆ ಅಲ್ಲಿನ ನರಭಕ್ಷಕ ಬುಡಕಟ್ಟಿನವರ ಕೈಗೆ ಸಿಕ್ಕಿ ನರಮಾಂಸ ತಿನ್ನಬೇಕಾಗಿ ಬಂದಿದ್ದ ಫಾಸ್ಟರ್‌ಗೆ ಅವರನ್ನು ನಿರ್ನಾಮ ಮಾಡುವ ಹಟ. ಅಕ್ಕರೆಯ ಹೆಂಡತಿಯಂತೆ ಕಾಣುವ ಸೂಸನ್‌ಗೆ ಬೇಕಿರುವುದು ಬೆಟ್ಟದಲ್ಲಿರುವ ಯುರೇನಿಯಂ.

ಈ ಎಳೆಗಳೆಲ್ಲ ಗುಹೆಯೊಳಗೆ ಒಂದೆಡೆ ಸೇರುತ್ತವೆ. ಅಲ್ಲಿ ಬುಡಕಟ್ಟಿನ ಜನ ಪೂಜಿಸುತ್ತಿರುವುದು ಸೂಸನ್‌ಳ ಗಂಡನ ಕೊಳೆತ ಹೆಣವನ್ನು! ಹೆಣದ ಎದೆಯಲ್ಲಿ ಸಿಕ್ಕಿಸಿದ, ವಿಕಿರಣ ಪತ್ತೆ ಮಾಡುವ ಗೈಗರ್ ಕೌಂಟರ್ ಟಿಕ್ ಟಿಕ್ ಎನ್ನುತ್ತಿದೆ. ಅವರ ಪಾಲಿಗೆ ಅದು ದೇವರ ಎದೆಬಡಿತ; ಸೂಸನ್‌ಗೆ ಯುರೇನಿಯಂನ ಸುಳಿವು. ದುರಾಸೆಗೂ ಭಯಕ್ಕೂ ಒಂದೇ ಸದ್ದು ಕೊಟ್ಟ ಆ ಜಾಣ್ಮೆಗೆ ತಲೆದೂಗಲೇಬೇಕು.

ಸದ್ದಿನ ವಿಷಯದಲ್ಲಿ ಆ ಕಾಲದ ಇಟಲಿಯವರದು ಪಳಗಿದ ಕೈ. ಸೆಟ್ಟಿನ ಮಾತನ್ನು ನೆಚ್ಚಿಕೊಳ್ಳದೆ ಸಂಭಾಷಣೆಯನ್ನು ಸ್ಟುಡಿಯೊದಲ್ಲಿ ಡಬ್ ಮಾಡುವುದು ಅವರ ರೂಢಿ. ಅದಕ್ಕೇ ಬೇರೆ ಬೇರೆ ದೇಶದ ನಟರು ಒಂದೇ ಚಿತ್ರದಲ್ಲಿ ಸಲೀಸಾಗಿ ಕೂಡುತ್ತಿದ್ದರು. ಇಲ್ಲಿ ಸಂಗೀತ ಗೈಡೊ ಮತ್ತು ಮೌರಿಜಿಯೊ ಡಿ ಆಂಜೆಲಿಸ್ ಸಹೋದರರದು. ದೃಶ್ಯಗಳ ವಿಷಯಕ್ಕೆ ಬಂದರೆ, ಅವು ಕಂಪ್ಯೂಟರ್ ಗ್ರಾಫಿಕ್ಸ್ ಇನ್ನೂ ರೂಢಿಯಾಗದ ದಿನಗಳು. ನೀರು, ಕೆಸರು, ಕಡಿದಾದ ಬಂಡೆ ಎಲ್ಲವನ್ನೂ ನಟರು ಮೈಯಾರೆ ದಾಟಬೇಕಿತ್ತು.

ಆದರೆ ಹೆಬ್ಬಾವಿನ ಹಿಡಿತಕ್ಕೆ ಸಿಕ್ಕ ಕೋತಿಯ ದೃಶ್ಯ ಬಂದಾಗ ಈ ಮೆಚ್ಚುಗೆ ಅಲ್ಲೇ ನಿಲ್ಲುತ್ತದೆ. ಸತ್ತದ್ದು ನಿಜವಾದ ಕೋತಿ. ರಂಜನೆಗಾಗಿ ಪ್ರಾಣಿಯನ್ನು ಬಲಿಕೊಟ್ಟದ್ದನ್ನು ಯಾವ ಕುಸುರಿಯೂ ಮುಚ್ಚಲಾರದು. ಬುಡಕಟ್ಟಿನವರನ್ನು ಬರೀ ಕ್ರೂರಿಗಳಾಗಿ ಚಿತ್ರಿಸಿದ್ದೂ ತಪ್ಪೇ. ಬ್ರಿಟನ್ನಿನಲ್ಲಿ ಈ ಚಿತ್ರ, ಅಶ್ಲೀಲತೆಯ ಆರೋಪಕ್ಕೆ ಗುರಿಯಾದ ವಿಡಿಯೊಗಳ 1980ರ ದಶಕದ ‘ವಿಡಿಯೊ ನಾಸ್ಟಿ’ ಪಟ್ಟಿಗೂ ಸೇರಿತು.

ಕೋತಿಯ ಆ ದೃಶ್ಯವನ್ನು ದಾಟಿಸಿ ಎರಡನೇ ಸಲ ನೋಡುವವರು ಉರ್ಸುಲಾರ ಮುಖವನ್ನೇ ಗಮನಿಸಬೇಕು. ಗುಟ್ಟು ಗೊತ್ತಾದ ಮೇಲೆ, ಮೊದಲ ಸಲ ವಿರಹದಂತೆ ಕಂಡಿದ್ದ ಅದೇ ನೋಟದಲ್ಲಿ ಲೆಕ್ಕಾಚಾರ ಕಾಣತೊಡಗುತ್ತದೆ.