‘ಆಫ್’ ಎಂದರೆ ರಜೆ ಮಾತ್ರವಲ್ಲ

ನಮ್ಮ ಇಂಗ್ಲಿಷ್ ಸರ್ ಒಂದು ದಿನ ಬೋರ್ಡಿನ ಮೇಲೆ ‘ಪುಟ್’ ಎಂದು ಬರೆದು, ಅದರ ಪಕ್ಕದಲ್ಲಿ ಒಂದರ ಕೆಳಗೊಂದು ಆನ್, ಆಫ್, ಔಟ್, ಅಪ್ ವಿತ್ ಎಂದು ಬರೆದರು. ಪುಟ್ ಎಂದರೆ ಇಡು ಎಂಬುದು ನಮಗೆ ಪ್ರೈಮರಿ ಶಾಲೆಯಿಂದಲೇ ಗೊತ್ತು. ಆದರೆ ಪುಟ್ ಆನ್ ಎಂದರೆ ಬಟ್ಟೆ ತೊಟ್ಟುಕೊ, ಪುಟ್ ಆಫ್ ಎಂದರೆ ಮುಂದೂಡು, ಪುಟ್ ಔಟ್ ಎಂದರೆ ಬೆಂಕಿ ಆರಿಸು, ಪುಟ್ ಅಪ್ ವಿತ್ ಎಂದರೆ ಸಹಿಸಿಕೊ. ಇಡುವ ಮಾತೇ ಎಲ್ಲೂ ಇಲ್ಲ. ಹಿಂದಿನ ಬೆಂಚಿನಿಂದ ಯಾರೋ, “ಸರ್, ಪೋಸ್ಟ್‌ಪೋನ್ ಅಂದ್ರೆ ಸಾಕಲ್ವಾ?” ಎಂದರು. ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆಯಲ್ಲಿ ನ್ಯಾಯವಿತ್ತು.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಪೋಸ್ಟ್‌ಪೋನ್, ಟಾಲರೇಟ್, ಎಕ್ಸ್‌ಟಿಂಗ್ವಿಷ್ ಮುಂತಾದ ಭಾರವಾದ ಪದಗಳು ಪುಸ್ತಕದಿಂದ ಬಂದಿವೆ. ಒಂದು ಪದ, ಒಂದು ಅರ್ಥ, ಬಾಯಿಪಾಠ ಮಾಡಿದರೆ ಮುಗಿಯಿತು. ಇಂಗ್ಲಿಷ್ ಮಾತಾಡುವವರು ಮನೆಯಲ್ಲಿ, ಕೆಲಸದಲ್ಲಿ, ಫೋನಿನಲ್ಲಿ ಬಳಸುವುದು ಮಾತ್ರ ಪುಟ್, ಗೆಟ್, ಲುಕ್, ಟೇಕ್ ಎಂಬ ಸಣ್ಣ ಪದಗಳನ್ನು, ಬಾಲಕ್ಕೆ ಆನ್, ಆಫ್, ಅಪ್ ಸೇರಿಸಿಕೊಂಡು. ಈ ಕಷ್ಟ ನಮಗೊಬ್ಬರಿಗೇ ಅಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಇಂಥ ಜೋಡಿಗಳು ಪರದೇಶದವರಿಗೆ ಬಹಳ ತೊಡಕು ಎಂದು ಹೇಳಿದ್ದಾರೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಬಳಕೆಗೆ ತಂದದ್ದು ಲೋಗನ್ ಪಿಯರ್ಸಾಲ್ ಸ್ಮಿತ್ ಅವರ 1925ರ ಪುಸ್ತಕ. ಅಂದರೆ ಕಷ್ಟ ಹಳೆಯದು, ಹೆಸರು ಹೊಸದು.

ನನಗೆ ಇದರ ಬಾಗಿಲು ತೆರೆದದ್ದು ಇಂಗ್ಲಿಷಿನಿಂದ ಅಲ್ಲ, ಕನ್ನಡದಿಂದ. ‘ನೋಡು’ ಎಂದರೆ ಕಣ್ಣಿನ ಕೆಲಸ. ಅದಕ್ಕೆ ‘ಕೊಳ್ಳು’ ಸೇರಿಸಿ, ‘ತಮ್ಮನನ್ನು ನೋಡಿಕೋ’ ಎಂದರೆ ಅದು ಕಣ್ಣಿನ ಕೆಲಸವಾಗಿ ಉಳಿಯುವುದಿಲ್ಲ. ಊಟ ಹಾಕಬೇಕು, ಅಳು ನಿಲ್ಲಿಸಬೇಕು, ಬೀದಿಗೆ ಓಡದಂತೆ ಹಿಡಿಯಬೇಕು. ಇಂಗ್ಲಿಷಿನ ಲುಕ್ ಆಫ್ಟರ್ ಮಾಡುವುದೂ ಇದನ್ನೇ. ಲುಕ್ ಎಂದರೆ ನೋಡು, ಆಫ್ಟರ್ ಎಂದರೆ ಆಮೇಲೆ. ಎರಡನ್ನೂ ಕೂಡಿಸಿದರೆ ‘ಆಮೇಲೆ ನೋಡು’ ಆಗುವುದಿಲ್ಲ. ‘ಹೇಳಿಕೊಡು’ ಎನ್ನುವಾಗ ಕೈಯಿಂದ ಏನನ್ನೂ ಕೊಡುವುದಿಲ್ಲ. ಮಳೆ ‘ಕೈಕೊಟ್ಟಿತು’ ಎನ್ನುತ್ತೇವೆ, ಮಳೆಗೆ ಕೈ ಎಲ್ಲಿದೆ? ನಮ್ಮ ಮನೆಯ ಉರ್ದುವಿನಲ್ಲೂ ಹಾಗೆಯೇ. ಅಮ್ಮಿ ‘ದೂಧ್ ಪೀ ಲೇ’ ಎನ್ನುತ್ತಾರೆ. ಪೀ ಎಂದರೆ ಕುಡಿ, ಲೇ ಎಂದರೆ ತೆಗೆದುಕೋ. ಯಾವ ಮಗುವೂ ‘ಏನು ತೆಗೆದುಕೊಳ್ಳಲಿ?’ ಎಂದು ಕೇಳಿದ್ದಿಲ್ಲ. ನಮ್ಮಲ್ಲಿ ಈ ಕೆಲಸಕ್ಕೆ ಎರಡನೆಯ ಕ್ರಿಯಾಪದ ಬರುತ್ತದೆ, ಅವರಲ್ಲಿ ಆಫ್, ಅಪ್ ಬರುತ್ತದೆ. ವ್ಯತ್ಯಾಸ ಅಷ್ಟೇ ಎಂದು ನನ್ನ ಅನಿಸಿಕೆ.

ಇದನ್ನು ಬರೆಯಲು ನಿಜವಾದ ಕಾರಣ ನನ್ನ ಅಬ್ಬಾ. ಅವರು ಸೌದಿ ಅರೇಬಿಯಾದ ದಮ್ಮಾಮಿನಲ್ಲಿ 9 ವರ್ಷ ಒಂದು ಗೋದಾಮಿನಲ್ಲಿ ಕೆಲಸ ಮಾಡಿದರು. ಕನ್ನಡ ಓದುತ್ತಾರೆ, ಉರ್ದು ಮನೆಮಾತು, ಅರಬ್ಬಿಯಲ್ಲಿ ವ್ಯವಹಾರ ನಡೆಸುತ್ತಾರೆ. ಇಂಗ್ಲಿಷ್ ಮಾತ್ರ ಕಿವಿಗೆ ಬಿದ್ದಷ್ಟು. ಕಳೆದ ವರ್ಷ ಒಂದು ರಾತ್ರಿ ವಾಟ್ಸ್‌ಆ್ಯಪಿನಲ್ಲಿ ಅವರ ಧ್ವನಿ ಬಂತು. “ಬೇಟಾ, ಸೂಪರ್‌ವೈಸರ್ ನಮ್ಮನ್ನೆಲ್ಲ ನಿಲ್ಲಿಸಿ ‘ಲೇ ಆಫ್’ ಅಂತ ಏನೋ ಹೇಳಿದ. ಆಮೇಲೆ ‘ಕ್ಯಾರಿ ಆನ್’ ಅಂದ. ರಜೆ ಕೊಡ್ತಾರೇನೋ. ಟಿಕೆಟ್ ದರ ಎಷ್ಟಿದೆ ನೋಡು.”

ಅಬ್ಬಾ ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ಅವರ ಲೋಕದಲ್ಲಿ ‘ಆಫ್’ ಎಂದರೆ ಶುಕ್ರವಾರ. ಜುಮಾ ನಮಾಜು, ನಂತರ ನಿದ್ದೆ, ಸಂಜೆ ಮನೆಗೆ ವಿಡಿಯೊ ಕಾಲ್. ‘ಲೇ ಆಫ್’ ಎಂದರೆ ಕೆಲಸದಿಂದ ತೆಗೆಯುವುದು ಎಂದು ನಾನೇ ಅವರಿಗೆ ಹೇಳಬೇಕಾಯಿತು. ಪಕ್ಕದಲ್ಲಿ ಅಮ್ಮಿ ಅಕ್ಕಿ ಆರಿಸುತ್ತಿದ್ದರು. ನಾನು ಫೋನ್ ಹಿಡಿದು ತಾರಸಿಗೆ ಹೋದೆ. ಹೇಳಿದ ಮೇಲೆ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ‘ಕ್ಯಾರಿ ಆನ್’?” ಎಂದು ಕೇಳಿದರು. ‘ಹೇಳುವವರೆಗೆ ಕೆಲಸ ಮುಂದುವರಿಸಿ ಎಂದು ಅರ್ಥ ಅಬ್ಬಾ’ ಎಂದೆ. ಅವರು ಅದನ್ನು ಏನನ್ನೋ ಹೊತ್ತುಕೊಂಡು ಬನ್ನಿ ಎಂದು ತಿಳಿದಿದ್ದರಂತೆ.

ಮೂರು ವಾರಗಳ ನಂತರ ಬಂದ ಪಟ್ಟಿಯಲ್ಲಿ ಅವರ ಹೆಸರಿತ್ತು. ಆದರೆ ಆ ಮೂರು ವಾರ ವ್ಯರ್ಥವಾಗಲಿಲ್ಲ. ಅಲ್ಲಿನ ಕಾರ್ಮಿಕ ಕಾನೂನಿನಂತೆ ಮೊದಲ 5 ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಲೆಕ್ಕದಲ್ಲಿ ಸೇವಾಂತ್ಯದ ಹಣ ಸಿಗಬೇಕು. 9 ವರ್ಷಕ್ಕೆ ಆರೂವರೆ ತಿಂಗಳ ಸಂಬಳ. ಅಬ್ಬಾ ಸಂಬಳದ ಚೀಟಿಗಳನ್ನೆಲ್ಲ ಜೋಡಿಸಿಟ್ಟುಕೊಂಡು ಹೋಗಿ ಮಾತಾಡಿದರು. ರಜೆ ಎಂದೇ ತಿಳಿದು ಕೂತಿದ್ದ ಅವರ ರೂಮಿನವರೊಬ್ಬರು ಅಬ್ಬಾ ಹೇಳಿದ ಮೇಲೆಯೇ ಎಚ್ಚೆತ್ತುಕೊಂಡರಂತೆ.

ಅಂದಿನಿಂದ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ಪಟ್ಟಿ ಇಲ್ಲ, ವಾಕ್ಯಗಳಿವೆ. ಪಟ್ಟಿ ಪರೀಕ್ಷೆಯ ಬೆಳಿಗ್ಗೆಯವರೆಗೆ ಮಾತ್ರ ನೆನಪಿರುತ್ತದೆ. ವಾಕ್ಯ ಹಾಗಲ್ಲ, ಅದಕ್ಕೆ ಒಂದು ಮನೆ, ಒಂದು ಮುಖ ಇರುತ್ತದೆ. ‘ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್’ ಎಂದು ಬರೆದದ್ದು ಈದ್ ಹಿಂದಿನ ದಿನ, ಬಿರಿಯಾನಿ ಅರ್ಧ ಬೆಂದಿದ್ದಾಗ. ಕ್ರಿಕೆಟ್‌ನ ರನ್ ಔಟ್ ಬೇರೆ, ಇದು ಬೇರೆ. ‘ಐ ಟೇಕ್ ಆಫ್ಟರ್ ಮೈ ದಾದಿ’ ಎಂಬುದು ನನ್ನ ಮೂಗಿನ ವಿಷಯ. ‘ಡ್ರಿಂಕ್ ಅಪ್’ ಪಕ್ಕದಲ್ಲಿ ‘ಕುಡಿದುಬಿಡು’ ಎಂದು ಬರೆದಿದ್ದೇನೆ. ಅಲ್ಲಿನ ‘ಅಪ್’ಗೂ ನಮ್ಮ ‘ಬಿಡು’ವಿಗೂ ಒಂದೇ ಕೆಲಸ, ಪೂರ್ತಿ ಮುಗಿಸುವುದು.

ಒಂದು ನಿಯಮ ಮಾತ್ರ ಕಲಿಯಲೇಬೇಕು. ಲೈಟಿನ ವಿಷಯದಲ್ಲಿ ‘ಟರ್ನ್ ಆಫ್ ದ ಲೈಟ್’ ಎನ್ನಬಹುದು, ‘ಟರ್ನ್ ದ ಲೈಟ್ ಆಫ್’ ಎಂದರೂ ಸರಿ. ಲೈಟಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ಆದರೆ ‘ಲುಕ್ ಆಫ್ಟರ್ ಹಿಮ್’ ಎಂಬಲ್ಲಿ ‘ಹಿಮ್’ ನಡುವೆ ನುಗ್ಗುವಂತಿಲ್ಲ. ಯಾವ ಜೋಡಿ ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂಬುದನ್ನು ಬಳಸಿ ಬಳಸಿಯೇ ತಿಳಿಯಬೇಕು.

ಇನ್ನು ‘ಪಾಸ್ ಔಟ್’. ನಮ್ಮ ದೇಶದಲ್ಲಿ ಎಲ್ಲರೂ ಕಾಲೇಜಿನಿಂದ ಪಾಸ್ ಔಟ್ ಆಗುತ್ತಾರೆ. ಬ್ರಿಟನ್ನಿನವರಿಗೆ ಅದನ್ನು ಹೇಳಿದರೆ ಮೂರ್ಛೆ ಹೋದಿರೇನೋ ಎಂದು ತಿಳಿದಾರು. ಮಿಲಿಟರಿ ತರಬೇತಿ ಮುಗಿಸಿದವರಿಗೆ ಮಾತ್ರ ಅಲ್ಲೂ ಈ ಮಾತು ಸಲ್ಲುತ್ತದೆ. ನನ್ನ ಪ್ರಕಾರ ಇಲ್ಲಿ ನಾಚಿಕೊಳ್ಳುವಂಥದ್ದು ಏನಿಲ್ಲ. ಮಾತು ಊರಿಂದ ಊರಿಗೆ ಬರುವಾಗ ಅರ್ಥ ಬದಲಾಗುತ್ತದೆ. ಊರು ಯಾವುದೆಂದು ತಿಳಿದು ಮಾತಾಡಿದರೆ ಆಯಿತು.

ಅಬ್ಬಾ ಈಗ ಊರಿನಲ್ಲೇ ಇದ್ದಾರೆ, ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಅಂಗಡಿ. ಮೊನ್ನೆ ನೋಟ್‌ಬುಕ್ ತಿರುವಿ ಹಾಕುತ್ತ, “ವ್ಯಾಪಾರ ಪಿಕಪ್ ಆಗ್ತಿದೆ ಅಂತೀವಲ್ಲ, ಅದೂ ಇದೇನಾ?” ಎಂದರು. ಹೌದು ಎಂದೆ. “ಬರಿ ಹಾಗಾದರೆ” ಎಂದರು. ಬರೆದೆ.