ತಲೆಕೆಳಗಾದ ಹದಿಮೂರು

ಮೊಮ್ಮಗಳ ಲೆಕ್ಕದ ಪುಸ್ತಕದಲ್ಲಿ ಕೆಂಪು ಗೀಟು ಬಿದ್ದಿತ್ತು. 13ನ್ನು ದ್ವಿಮಾನ ಪದ್ಧತಿಗೆ ತಿರುಗಿಸಬೇಕಾಗಿತ್ತು. ಎರಡರಿಂದ ಭಾಗಿಸುತ್ತ ಹೋಗಿ, ಉಳಿದ ಶೇಷಗಳನ್ನು ಬಂದ ಕ್ರಮದಲ್ಲಿಯೇ ಜೋಡಿಸಿ, ಅವಳು 1011 ಎಂದು ಬರೆದಿದ್ದಳು. ಸರಿಯಾದ ಉತ್ತರ 1101. ‘ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದು’ ಎಂದು ಉಪಾಧ್ಯಾಯರು ಅಂಚಿನಲ್ಲಿ ಬರೆದಿದ್ದರು, ಏಕೆಂದು ಬರೆದಿರಲಿಲ್ಲ. ಹುಡುಗಿಗೆ ಬೇಕಾಗಿದ್ದುದು ಆ ‘ಏಕೆ’.

ತಂದೆ ಇನ್ನೂ ಕಚೇರಿಯಿಂದ ಬಂದಿರಲಿಲ್ಲ. ಪುಸ್ತಕ ತಾತನ ಮುಂದೆ ಬಂದಿತು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಅವರನ್ನು ಛಂದಸ್ಸಿನ ವಿಷಯ ಕೇಳಿದವರಿಲ್ಲ. ಅವರ ಪಾಂಡಿತ್ಯಕ್ಕೆ ಮನೆಯಲ್ಲಿ ಉಳಿದಿದ್ದ ಕೆಲಸವೆಂದರೆ ಪಂಚಾಂಗ ನೋಡಿ ತಿಥಿ ಹೇಳುವುದು. “ಲೆಕ್ಕ ನನಗೆ ಬಾರದು, ಮಗು” ಎನ್ನುತ್ತಲೇ ಪುಸ್ತಕ ತೆಗೆದುಕೊಂಡವರು, ಭಾಗಾಕಾರದ ಮೆಟ್ಟಿಲುಗಳನ್ನು ಕಂಡು ಕನ್ನಡಕ ಸರಿಪಡಿಸಿಕೊಂಡರು.

“ಇದು ನಷ್ಟವಲ್ಲವೆ!”

ಅಂಕ ಹೋದುದರ ಮಾತೆಂದು ಹುಡುಗಿ ಮುಖ ಚಿಕ್ಕದು ಮಾಡಿದಳು.

ತಾತ ಹೇಳಿದ ನಷ್ಟ ಬೇರೆ. ಅದು ಎರಡು ಸಾವಿರ ವರ್ಷಗಳಿಗೂ ಹಿಂದಿನ ಪಿಂಗಲನ ಛಂದಶ್ಶಾಸ್ತ್ರದ್ದು. ಮೂರಕ್ಷರದ ಗಣಗಳು ಎಂಟು. ಅವಕ್ಕೆ ಮ, ಯ, ರ, ಸ, ತ, ಜ, ಭ, ನ ಎಂಬ ಕ್ರಮ. ಆ ಪಟ್ಟಿಯಲ್ಲಿ ಒಂದು ಸಾಲು ಅಳಿಸಿಹೋಯಿತೆನ್ನಿ. ಅದು ಎಷ್ಟನೆಯದೆಂದು ತಿಳಿದರೆ ಸಾಕು, ಅದರ ಗುರುಲಘುಗಳನ್ನು ಮರಳಿ ಪಡೆಯಬಹುದು. ಸಂಖ್ಯೆ ಸಮವಾಗಿದ್ದರೆ ಲಘುವನ್ನು ಬರೆದು ಅರ್ಧ ಮಾಡಬೇಕು. ಬೆಸವಾಗಿದ್ದರೆ ಗುರುವನ್ನು ಬರೆದು, ಒಂದು ಕೂಡಿಸಿ ಅರ್ಧ ಮಾಡಬೇಕು. ಆರನೆಯ ಸಾಲು ಕಳೆದಿದೆ. ಆರು ಸಮ: ಲಘು. ಅರ್ಧ ಮೂರು, ಬೆಸ: ಗುರು. ಒಂದು ಕೂಡಿಸಿ ಅರ್ಧಿಸಿದರೆ ಎರಡು, ಸಮ: ಲಘು. ಲಘು, ಗುರು, ಲಘು, ಜಗಣ! ಇಲ್ಲಿ ಬಂದುದನ್ನು ಬಂದ ಹಾಗೆಯೇ ಬರೆಯಬೇಕು, ತಿರುಗಿಸುವಂತಿಲ್ಲ.

“ಹಾಗಾದರೆ ನನ್ನದೇ ಸರಿ, ತಾತ!”

ತಾತ ತಡವರಿಸಿದರು. ಪಿಂಗಲನೇ ಗಣಕಯಂತ್ರಕ್ಕೆ ಮೂಲಪುರುಷನೆಂದು ಬೀಗುವವರುಂಟು. ಅಷ್ಟು ದೂರ ಹೋಗಬೇಕಾಗಿಲ್ಲ. ಅವನಿಗೆ ಬೇಕಾಗಿದ್ದುದು ವೃತ್ತಗಳ ಎಣಿಕೆ. 0, 1 ಎಂಬ ಎರಡೇ ಅಂಕಿಗಳಿಂದ ಕೂಡಿ ಕಳೆಯುವ ಬಗೆಯನ್ನು ವಿವರಿಸಿ ಜರ್ಮನಿಯ ಲೈಬ್ನಿಟ್ಸ್ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಲೇಖನ ಕಳುಹಿಸಿದ್ದು 1703ರಲ್ಲಿ. ಅಂಕಿಗಳನ್ನು ಬರೆಯುವಾಗ ದೊಡ್ಡ ಸ್ಥಾನ ಎಡಕ್ಕಿರಬೇಕು. ಆದರೆ ಇದನ್ನು ಹುಡುಗಿಗೆ ತಿಳಿಯುವಂತೆ ಹೇಳುವುದು ಹೇಗೆ?

ಅಡಿಗೆಮನೆಯಲ್ಲಿ ಎಲ್ಲವನ್ನೂ ಕೇಳುತ್ತಿದ್ದ ಅಜ್ಜಿ ಅಟ್ಟದಿಂದ ಹಳೆಯ ಹಿತ್ತಾಳೆಯ ಅಳತೆಗಳನ್ನು ಇಳಿಸಿದರು. ಅಚ್ಚೇರು, ಪಾವು, ಅರೆಪಾವು, ಚಟಾಕು. ಪ್ರತಿಯೊಂದೂ ಹಿಂದಿನದರ ಅರ್ಧ.

“ಹದಿಮೂರು ಚಟಾಕು ಅಕ್ಕಿ ಅಳೆ ನೋಡೋಣ. ಒಂದೊಂದನ್ನು ಒಂದೇ ಸಲ ತುಂಬಬೇಕು.”

ಅಚ್ಚೇರಿಗೆ ಎಂಟು ಚಟಾಕು, ಪಾವಿಗೆ ನಾಲ್ಕು. ಅರೆಪಾವು ಬೇಕಾಗಲಿಲ್ಲ. ಕೊನೆಗೆ ಚಟಾಕು ಒಂದು. ತುಂಬಿದ್ದು, ತುಂಬಿದ್ದು, ಖಾಲಿ, ತುಂಬಿದ್ದು. ಹದಿಮೂರನ್ನು ಜೋಡಿ ಮಾಡುವಾಗ ಮೊದಲು ಒಂಟಿಯಾಗಿ ಉಳಿದದ್ದು ಈ ಚಟಾಕೇ ಎಂಬುದು ಹುಡುಗಿಗೆ ಹೊಳೆಯಿತು. ಮೊದಲ ಶೇಷ ಬಲತುದಿಗೆ ಹೋಗಬೇಕಾದುದು ಅದಕ್ಕೇ. ಅವಳು ರಬ್ಬರು ತೆಗೆದುಕೊಂಡು 1011ನ್ನು ಅಳಿಸಿದಳು.

ತಾತನಿಗೆ ಅಷ್ಟಕ್ಕೆ ಬಿಡುವ ಮನಸ್ಸಿರಲಿಲ್ಲ. “ಏಳನೆಯ ಸಾಲು ಕಳೆದಿದೆ, ಮಗು.”

ಹುಡುಗಿ ಬರೆಯುತ್ತಲೇ ಹೇಳಿದಳು: “ಗುರು... ಲಘು... ಲಘು.”

“ಭಗಣ!” ಎಂದು ತಾತ ಅಡಿಗೆಮನೆಗೆ ಕೇಳುವಂತೆ ಕೂಗಿದರು.