ಸ್ಪಿತಿಯ ಕಲ್ಲುದಾರಿಯಲ್ಲಿ ಒಂದು ಸ್ಪ್ಯಾನರ್ ಪಾಠ

ಹಿಮಾಚಲ ಪ್ರದೇಶದ ಲಾಹುಲದಿಂದ ಸ್ಪಿತಿ ಕಣಿವೆಗೆ ಹೋಗುವ ದಾರಿಯನ್ನು ರಸ್ತೆ ಎಂದು ಕರೆಯಬಹುದೇ ಎಂಬ ಬಗ್ಗೆ ಅಲ್ಲಿಗೆ ಹೋಗಿ ಬಂದವರಲ್ಲೇ ಒಮ್ಮತವಿಲ್ಲ. ಭೂಪಟದಲ್ಲಿ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 505 ಎಂಬ ಗೌರವದ ಹೆಸರಿದೆ. ಆದರೆ ಗ್ರಾಂಫೂ ಎಂಬಲ್ಲಿ ಡಾಂಬರು ಬಿಟ್ಟ ಮೇಲೆ ಬಾತಲ್‌ವರೆಗಿನ ಸುಮಾರು 50 ಕಿ.ಮೀ. ಉದ್ದಕ್ಕೂ ಕಂಡದ್ದು ಕಲ್ಲು, ಮರಳು, ಹಳ್ಳ, ಮತ್ತೆ ಕಲ್ಲು. ಎಡಬಲಕ್ಕೆ ಹಸಿರೇ ಇಲ್ಲದ ಬೆಟ್ಟಗಳು. ಪಕ್ಕದಲ್ಲಿ ಬೂದು ಬಣ್ಣದ ಚಂದ್ರಾ ನದಿ. ಈ ಚಂದ್ರಾ ನದಿ ಮುಂದೆ ತಾಂಡಿ ಎಂಬಲ್ಲಿ ಭಾಗಾ ನದಿಯನ್ನು ಕೂಡಿ ಚಂದ್ರಭಾಗಾ ಆಗುತ್ತದೆ. ನಾವು ಪಾಠದಲ್ಲಿ ಓದುವ ಚಿನಾಬ್ ಅದೇ. ಗಡಿ ರಸ್ತೆಗಳ ಸಂಸ್ಥೆ ಈ ದಾರಿಯನ್ನು ಅಗಲಗೊಳಿಸುವ ಕೆಲಸ ಕೈಗೊಂಡಿರುವುದರಿಂದ, ನಾನು ಹೇಳುತ್ತಿರುವುದು 2022ರ ಅಕ್ಟೋಬರ್‌ನಲ್ಲಿ ಕಂಡ ದಾರಿಯನ್ನು ಎಂದು ಓದುಗರು ತಿಳಿಯಬೇಕು.

ಹಿಂದೆಲ್ಲ ಇಲ್ಲಿಗೆ ಬರಲು ಮನಾಲಿಯಿಂದ 3,978 ಮೀಟರ್ ಎತ್ತರದ ರೋಹ್‌ತಾಂಗ್ ಕಣಿವೆಮಾರ್ಗವನ್ನು ಹತ್ತಿ ಇಳಿಯಲೇಬೇಕಿತ್ತು. 2020ರ ಅಕ್ಟೋಬರ್ 3ರಂದು 9.02 ಕಿ.ಮೀ. ಉದ್ದದ ಅಟಲ್ ಸುರಂಗ ಉದ್ಘಾಟನೆಯಾದ ಮೇಲೆ ಬೆಟ್ಟದ ಹೊಟ್ಟೆಯೊಳಗಿಂದಲೇ ದಾಟಿ ಸಿಸ್ಸು ಬಳಿ ಹೊರಬೀಳಬಹುದು. ಈ ಬದಿಯಲ್ಲಿ ದೇವದಾರು ಕಾಡು. ಹತ್ತು ಹದಿನೈದು ನಿಮಿಷ ಕತ್ತಲೆ. ಆ ಬದಿಯಲ್ಲಿ ಬೋಳು ಬೆಟ್ಟ. ಮಳೆ ನೆರಳಿನ ಪ್ರದೇಶ ಎಂದರೇನೆಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಚುರುಕಾದ ಪಾಠ ನನಗೆ ತಿಳಿಯದು.

ದಸರಾ ರಜೆಯಲ್ಲಿ ಹೊರಟ ನಮ್ಮ ತಂಡದಲ್ಲಿ ಐದು ಮೋಟಾರ್ ಸೈಕಲ್, ಒಂದು ಜೀಪು, ಸಾಮಾನು ಹೊತ್ತ ಒಂದು ಪಿಕಪ್ ಇದ್ದವು. ಐವರು ಸವಾರರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಎಂಟರಿಂದ ಹತ್ತನೇ ತರಗತಿವರೆಗೆ ನನ್ನ ಬಳಿ ವಿಜ್ಞಾನ ಕಲಿತವಳು. ಈಗ ಇಪ್ಪತ್ತಾರು ವರ್ಷ, ಬೆಂಗಳೂರಿನಲ್ಲಿ ಕೆಲಸ, ಎತ್ತರ ಐದು ಅಡಿ ಒಂದು ಅಂಗುಲ. ಮಗಳನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ಅವಳ ತಂದೆಯೂ ಬಂದಿದ್ದರು. ನಾವಿಬ್ಬರು ಹಿರಿಯರು ಜೀಪಿನಲ್ಲಿ ಕುಳಿತು ಹಿಂದೆ ಹಿಂದೆ ಸಾಗಿದೆವು.

ಈ ದಾರಿಗೆ ಹೆಚ್ಚಿನವರು ಆರಿಸುವುದು ‘ಅಡ್ವೆಂಚರ್’ ಮಾದರಿಯ ಗಾಡಿ. 2016ರಲ್ಲಿ ಬಂದ 411 ಸಿ.ಸಿ. ಹಿಮಾಲಯನ್ ಇಲ್ಲಿ ಎಲ್ಲೆಲ್ಲೂ ಕಾಣುತ್ತಿತ್ತು. ಕಲ್ಲು ಹತ್ತಲು ಅನುಕೂಲವಾಗುವಂತೆ 21 ಅಂಗುಲದ ದೊಡ್ಡ ಮುಂಗಾಲಿ, ನೆಲದಿಂದ 220 ಮಿ.ಮೀ. ಎತ್ತರದ ಹೊಟ್ಟೆ, 800 ಮಿ.ಮೀ. ಎತ್ತರದ ಸೀಟು, ಎಲ್ಲ ಸೇರಿ 199 ಕಿಲೋ ತೂಕ. ನಮ್ಮ ಹುಡುಗಿ ಮನಾಲಿಯಲ್ಲಿ ಬಾಡಿಗೆಗೆ ಪಡೆದದ್ದೂ ಹೆಚ್ಚುಕಡಿಮೆ ಇಷ್ಟೇ ಗಾತ್ರದ ಗಾಡಿ. ಕೋಕ್ಸರ್‌ವರೆಗೆ ಡಾಂಬರಿನ ಮೇಲೆ ಹಕ್ಕಿಯಂತೆ ಹೋದಳು. ಗ್ರಾಂಫೂ ದಾಟಿದ ಮೇಲೆ ಮೊದಲ ಹಳ್ಳದಲ್ಲೇ ಬಿದ್ದಳು. ಇನ್ನೂ ನಾಲ್ಕು ಕಿ.ಮೀ. ಹೋಗುವಷ್ಟರಲ್ಲಿ ಎರಡನೆಯ ಸಲ. ಎರಡು ಸಲವೂ ಕಾರಣ ಒಂದೇ. ಕಲ್ಲಿಗೆ ತಾಗಿ ಗಾಡಿ ನಿಧಾನವಾದಾಗ ಕ್ಲಚ್ಚನ್ನು ಪೂರ್ತಿ ಎಳೆಯಲಾಗಲಿಲ್ಲ, ಎಂಜಿನ್ ನಿಂತಿತು, ಗಾಡಿ ಪಕ್ಕಕ್ಕೆ ಒರಗಿತು.

ಮೂಳೆಗೇನೂ ಪೆಟ್ಟಾಗಲಿಲ್ಲ. ಆದರೆ ಆ ಸಂಜೆ ಛತ್ರೂವಿನ ಢಾಬಾದಲ್ಲಿ ತಂದೆ ನಿರ್ಧರಿಸಿಬಿಟ್ಟಿದ್ದರು.

“ಸಾಕು ಪುಟ್ಟಿ. ನಾಳೆ ಗಾಡಿ ಪಿಕಪ್ಪಿಗೆ ಹಾಕ್ಸು, ನೀನು ಜೀಪಿಗೆ ಬಾ. ಇದು ನಿನ್ನ ಅಳತೆಯ ಗಾಡಿ ಅಲ್ಲ.”

ಅವಳು ಉತ್ತರ ಕೊಡಲಿಲ್ಲ. ಊಟದ ತಟ್ಟೆಯಲ್ಲಿ ರಾಜ್ಮಾ ಆರುತ್ತಿತ್ತು. ಅವರು ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವಾದರೂ ಹೇಳಿ” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಪಿಕಪ್ಪಿನಲ್ಲಿ ಬಂದಿದ್ದ ಮೆಕ್ಯಾನಿಕ್ ಹುಡುಗ ಚಹಾ ಲೋಟ ಕೆಳಗಿಟ್ಟು ಹಿಂದಿಯಲ್ಲಿ ಹೇಳಿದ: “ಅಳತೆ ಸರಿ ಇಲ್ಲ ಅನ್ನೋದು ನಿಜ. ಹಾಗಾದರೆ ಅಳತೆ ಸರಿ ಮಾಡೋಣ.”

*

ಮುಂದಿನ ಮುಕ್ಕಾಲು ಗಂಟೆ ಟಾರ್ಚಿನ ಬೆಳಕಿನಲ್ಲಿ ನಡೆದದ್ದು ಶಾಲೆಯ ಪ್ರಯೋಗಾಲಯದಲ್ಲಿ ಮಾಡಿಸಬಹುದಾದ ಪಾಠ. ಅದಕ್ಕೆ ಮೊದಲು ಒಂದು ಮಾತು. ಕಲ್ಲುದಾರಿಯಲ್ಲಿ ಸವಾರರು ಸೀಟು ಬಿಟ್ಟು ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲುವುದೇಕೆ? “ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ” ಎಂದು ಬಹಳ ಮಂದಿ ಹೇಳುವುದುಂಟು. ಇದು ಸರಿಯಲ್ಲ. ಮನುಷ್ಯ ಎದ್ದು ನಿಂತರೆ ಗಾಡಿ ಮತ್ತು ಸವಾರ ಕೂಡಿದ ಗುರುತ್ವ ಕೇಂದ್ರ ಮೇಲಕ್ಕೇ ಹೋಗುತ್ತದೆ. ಲಾಭ ಇರುವುದು ಬೇರೆ ಕಡೆ. ಕುಳಿತಾಗ ದೇಹದ ಬಹುಪಾಲು ಭಾರ ಸೀಟಿನ ಮೇಲೆ ಬೀಳುತ್ತದೆ. ಗಾಡಿ ಕುಕ್ಕಿದರೆ ಬೆನ್ನುಮೂಳೆಯೂ ಕುಕ್ಕುತ್ತದೆ. ನಿಂತಾಗ ಆ ಭಾರ ಪಾದಗಳ ಮೂಲಕ ಹೋಗುತ್ತದೆ. ಬಾಗಿದ ಮೊಣಕಾಲು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಗಾಡಿ ಕೆಳಗೆ ಎಡಕ್ಕೂ ಬಲಕ್ಕೂ ಹೊಯ್ದಾಡಿದರೂ ಮೇಲಿನ ದೇಹ ನೆಟ್ಟಗಿರುತ್ತದೆ. ನಮ್ಮೂರ ಕಡೆ ಖಾಲಿ ಎತ್ತಿನ ಗಾಡಿಯನ್ನು ಕಲ್ಲುದಾರಿಯಲ್ಲಿ ಹೊಡೆಯುವವನು ಎದ್ದು ನಿಲ್ಲುವುದೂ ಇದಕ್ಕೇ.

ತೊಡಕು ಇರುವುದು ಇಲ್ಲೇ. ಗಾಡಿಯ ಹಿಡಿಗಳನ್ನು ಸಾಮಾನ್ಯವಾಗಿ ಕುಳಿತ ಸವಾರನಿಗೆ, ಅದೂ ಸರಾಸರಿ ಎತ್ತರದವನಿಗೆ, ಹೊಂದಿಸಿರುತ್ತಾರೆ. ಎದ್ದು ನಿಂತ ಕೂಡಲೇ ಭುಜ ಮೇಲೇರುತ್ತದೆ. ಮುಂಗೈ ಮೇಲಿನಿಂದ ಇಳಿಜಾರಾಗಿ ಬರುತ್ತದೆ. ಆದರೆ ಲಿವರ್ ಇದ್ದಲ್ಲೇ ಇರುತ್ತದೆ. ಅದರ ಮೇಲೆ ಬೆರಳಿಡಲು ಮಣಿಕಟ್ಟನ್ನು ಹಿಂದಕ್ಕೆ ಮುರಿದಂತೆ ಬಗ್ಗಿಸಬೇಕು. ಮಕ್ಕಳು ಈಗಲೇ ಮಾಡಿ ನೋಡಬಹುದು. ಮಣಿಕಟ್ಟನ್ನು ಪೂರ್ತಿ ಒಂದು ಕಡೆ ಬಗ್ಗಿಸಿ ಒಂದು ಚೆಂಡನ್ನು ಹಿಸುಕಿ. ಬಳಿಕ ನೇರವಾಗಿಟ್ಟು ಹಿಸುಕಿ. ಶಕ್ತಿಯ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಹುಡುಗ ಮೊದಲು ನೋಡಿದ್ದು ಕೈಯನ್ನಲ್ಲ, ಕಾಲನ್ನು. ಪಾದ ಎಲ್ಲಿ ನಿಲ್ಲುತ್ತದೆ ಎಂಬುದು ಖಚಿತವಾಗದೆ ಮೇಲಿನ ಯಾವ ಅಳತೆಗೂ ಅರ್ಥವಿಲ್ಲ. ಫುಟ್‌ರೆಸ್ಟ್‌ನ ರಬ್ಬರನ್ನು ಕಿತ್ತ. ಒದ್ದೆ ಬೂಟು ರಬ್ಬರಿನ ಮೇಲೆ ಜಾರುತ್ತದೆ. ಅಡಿಯ ಹಲ್ಲುಹಲ್ಲಾದ ಕಬ್ಬಿಣ ಹಿಡಿಯುತ್ತದೆ. ಬಳಿಕ ಗಾಡಿಯನ್ನು ಇಬ್ಬರು ಹಿಡಿದುಕೊಳ್ಳಲು ಹೇಳಿ, ಅವಳನ್ನು ಮೇಲೆ ನಿಲ್ಲಿಸಿದ. “ದೀದಿ, ಕಣ್ಣು ಮುಚ್ಚಿ. ಮೊಣಕಾಲು ಸ್ವಲ್ಪ ಬಗ್ಗಿಸಿ, ಮೊಣಕೈ ಸಡಿಲ ಬಿಡಿ. ಈಗ ಕೈ ತಾನಾಗಿ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಬಿಡಿ.” ಕೈ ಇಳಿದದ್ದು ಹಿಡಿಗಿಂತ ಮೂರು ಬೆರಳಿನಷ್ಟು ಈಚೆಗೆ.

ಮುಂಭಾಗವನ್ನು ಹಿಡಿದು ನಿಂತಿದ್ದವರಲ್ಲಿ ಒಬ್ಬರು ಅವಳ ತಂದೆ. ಮಗಳ ಎಡ ಅಂಗೈ ಅವರ ಮುಖದ ಮುಂದೆಯೇ ಇತ್ತು. ಹೆಬ್ಬೆರಳಿನ ಬುಡದಲ್ಲಿ ಎರಡು ಬೊಬ್ಬೆ ಎದ್ದು ಒಂದು ಒಡೆದಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಅವರು ಏನೂ ಮಾತನಾಡದೆ ಟಾರ್ಚನ್ನು ಇನ್ನಷ್ಟು ಹತ್ತಿರ ತಂದರು.

ಹ್ಯಾಂಡಲ್ ಬಾರನ್ನು ಹಿಡಿದ ನಾಲ್ಕು ಬೋಲ್ಟುಗಳನ್ನು ಹುಡುಗ ಸಡಿಲಿಸಿ, ಬಾರನ್ನು ತುಸು ಅವಳ ಕಡೆಗೆ ತಿರುಗಿಸಿದ. ಕೆಲವೇ ಡಿಗ್ರಿ. ಇದಕ್ಕೊಂದು ಮಿತಿಯಿದೆ. ಬಹಳ ಹಿಂದಕ್ಕೆ ತಂದರೆ ಹಿಡಿ ಕೆಳಗಿಳಿದು ನಿಂತವನ ಬೆನ್ನು ಬಾಗುತ್ತದೆ. ತಿರುವಿನಲ್ಲಿ ಮೊಣಕಾಲಿಗೆ ತಾಗುತ್ತದೆ. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಅಡ್ಡಡ್ಡಲಾಗಿ ಸ್ವಲ್ಪ ಸ್ವಲ್ಪವೇ ಬಿಗಿದ. ಆಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಕ್ಲಚ್ ಕೇಬಲ್ಲಾಗಲಿ ಬ್ರೇಕಿನ ಕೊಳವೆಯಾಗಲಿ ಎಳೆದಂತಾಗುತ್ತದೆಯೇ ಎಂದು ಪರೀಕ್ಷಿಸಿದ. ಈ ಪರೀಕ್ಷೆಯನ್ನು ಬಿಟ್ಟವನು ತಿರುವಿನಲ್ಲಿ ಗಾಡಿ ತಾನೇ ಕ್ಲಚ್ ಹಿಡಿದದ್ದನ್ನು ಕಂಡು ಬೆರಗಾಗುತ್ತಾನೆ.

ನಂತರ ಲಿವರುಗಳ ಸರದಿ. ಎರಡನ್ನೂ ಕೆಳಮುಖವಾಗಿ ತಿರುಗಿಸಿದ. ನಿಂತಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬರಬೇಕು ಎಂಬುದೇ ಲೆಕ್ಕ. ಅಷ್ಟೇ ಅಲ್ಲ, ಲಿವರಿನ ಹಿಡಿಕಟ್ಟನ್ನು ಹ್ಯಾಂಡಲಿನ ನಡುಭಾಗದ ಕಡೆಗೆ ತುಸು ಸರಿಸಿದ. ಅವಳ ಎರಡು ಬೆರಳು ಈಗ ಲಿವರಿನ ನಡುವೆ ಬೀಳದೆ ತುದಿಯ ಹತ್ತಿರ ಬಿದ್ದವು. ಇದು ನಾವು ಕಲಿಸುವ ಸನ್ನೆಯ ತತ್ವ. ಆಧಾರ ಬಿಂದುವಿನಿಂದ 12 ಸೆಂ.ಮೀ. ದೂರದಲ್ಲಿ 4 ಕಿಲೋ ತೂಕದಷ್ಟು ಬಲ ಸಾಕಾದರೆ, 8 ಸೆಂ.ಮೀ. ದೂರದಲ್ಲಿ ಅದೇ ಕೆಲಸಕ್ಕೆ 6 ಕಿಲೋ ಬೇಕು. ಒಂದು ಸಲ ಎಳೆಯುವುದಕ್ಕೆ ಈ ವ್ಯತ್ಯಾಸ ದೊಡ್ಡದಲ್ಲ. ಹಳ್ಳಕೊಳ್ಳದ ದಾರಿಯಲ್ಲಿ ದಿನಕ್ಕೆ ನೂರಾರು ಸಲ ಎಳೆಯುವ ಸಣ್ಣ ಕೈಗೆ ಅದೇ ಬೊಬ್ಬೆ. ಕೇಬಲ್ ಕೂಡ ಅಗತ್ಯಕ್ಕಿಂತ ಸಡಿಲವಾಗಿತ್ತು. ಎಳೆತದ ಅರ್ಧ ಭಾಗ ಆ ಸಡಿಲಕ್ಕೇ ಹೋಗುತ್ತಿತ್ತು. ಅದನ್ನೂ ತಕ್ಕಷ್ಟು ಬಿಗಿ ಮಾಡಿದ.

ಲಿವರಿನ ಹಿಡಿಕಟ್ಟನ್ನು ಮಾತ್ರ ಪೂರ್ತಿ ಬಿಗಿಯಲಿಲ್ಲ. ಓಡಿಸುವಾಗ ಅಲುಗಬಾರದು, ಬಲವಾಗಿ ತಳ್ಳಿದರೆ ತಿರುಗಬೇಕು, ಅಷ್ಟು. ಯಾಕೆಂದು ಕೇಳಿದೆ. “ನಾಳೆ ಗೊತ್ತಾಗುತ್ತೆ ಸಾಬ್” ಎಂದು ನಕ್ಕ.

ಕೊನೆಗೆ ಕಾಲಿನ ಹಿಡಿಗಳು. ನಿಂತ ಸವಾರ ಹಿಂದಿನ ಬ್ರೇಕ್ ಒತ್ತಲು ಪಾದವನ್ನು ಬಹಳ ಕೆಳಕ್ಕೆ ಚಾಚಬೇಕಾದರೆ ಸಮತೋಲ ತಪ್ಪುತ್ತದೆ. ಆದ್ದರಿಂದ ಪೆಡಲನ್ನು ಸ್ವಲ್ಪ ಮೇಲೆತ್ತಿದ. ಎತ್ತಿದ ಮೇಲೆ ಹಿಂದಿನ ಚಕ್ರವನ್ನು ನೆಲ ಬಿಡಿಸಿ ಕೈಯಲ್ಲಿ ತಿರುಗಿಸಿ ನೋಡಿದ. ಬ್ರೇಕ್ ಒಂದಿಷ್ಟು ಹಿಡಿದೇ ಇದ್ದರೆ ಘರ್ಷಣೆಯಿಂದ ಕಾದು, ಬೇಕಾದಾಗ ಕೈಕೊಡುತ್ತದೆ. ಹಿಂದಿನ ಬ್ರೇಕ್ ದೀಪ ಸರಿಯಾಗಿ ಹತ್ತಿ ಆರುತ್ತದೆಯೇ ಎಂದೂ ನೋಡಿದ. ದಪ್ಪ ಬೂಟಿನ ತುದಿ ಸಲೀಸಾಗಿ ತೂರುವಂತೆ ಗೇರಿನ ಕಡ್ಡಿಯನ್ನು ಒಂದು ಹಲ್ಲು ಮೇಲಕ್ಕೆ ಹಾಕಿದ. ಸೀಟನ್ನು ಮಾತ್ರ ಮುಟ್ಟಲಿಲ್ಲ. ಸೀಟು ತಗ್ಗಿದರೆ ನಿಲ್ಲಿಸಿದಾಗ ಕಾಲು ಊರಲು ಸುಲಭ, ಆದರೆ ಪ್ರತಿ ಸಲ ಎದ್ದು ನಿಲ್ಲುವ ದೂರ ಹೆಚ್ಚುತ್ತದೆ. ಒಂದು ಬದಿಗೆ ಜರುಗಿ ಒಂದೇ ಕಾಲನ್ನು ಗಟ್ಟಿಯಾಗಿ ಊರುವುದನ್ನು ಅವಳಿಗೆ ಹತ್ತು ಸಲ ಅಭ್ಯಾಸ ಮಾಡಿಸಿದ.

“ಇದನ್ನೆಲ್ಲ ಮನಾಲಿಯಲ್ಲೇ ಯಾಕೆ ಮಾಡಲಿಲ್ಲ?” ಎಂದು ತಂದೆ ಕೇಳಿದರು.

“ಅಲ್ಲಿ ಎಲ್ಲರೂ ಗಾಡಿ ಮೇಲೆ ಕೂತು ನೋಡ್ತಾರೆ, ಫೋಟೋ ತೆಗೆಸ್ತಾರೆ, ಹಣ ಕೊಡ್ತಾರೆ. ನಿಂತು ನೋಡೋರು ಯಾರು?”

*

ಮಾರನೆಯ ಬೆಳಿಗ್ಗೆ ಹಳ್ಳಗಳ ಅಂಚಿನಲ್ಲಿ ತೆಳು ಮಂಜುಗಡ್ಡೆ ಕಟ್ಟಿತ್ತು. ಇಲ್ಲಿನ ಹಳ್ಳಗಳು ಹಿಮ ಕರಗಿ ಹರಿಯುವಂಥವು. ಬಿಸಿಲೇರಿದಂತೆ ನೀರು ಏರುವುದರಿಂದ ಬೇಸಿಗೆಯಲ್ಲಿ ಮುಂಜಾನೆಯೇ ದಾಟುವುದು ವಾಡಿಕೆ. ಅಕ್ಟೋಬರ್‌ನಲ್ಲಿ ನೀರು ಕಡಿಮೆ, ಆದರೆ ಗಾಜಿನಂಥ ಕಲ್ಲಿನ ಭಯ. ಬಿಸಿಲು ಬೀಳುವವರೆಗೆ ಕಾದು ಹೊರಟೆವು. ತಂದೆ ಗಾಡಿಯನ್ನು ಪಿಕಪ್ಪಿಗೆ ಹಾಕಿಸುವ ಮಾತೆತ್ತಲಿಲ್ಲ. “ಮೊದಲ ಹಳ್ಳ ನೋಡೋಣ” ಎಂದಷ್ಟೇ ಹೇಳಿದರು.

ಮೊದಲ ಹಳ್ಳವನ್ನು ಅವಳು ನಿಂತುಕೊಂಡೇ ದಾಟಿದಳು. ನಡುವೆ ಗಾಡಿ ಒಂದು ಕಲ್ಲಿಗೆ ಮುಗ್ಗರಿಸಿತು. ಎರಡು ಬೆರಳು ಕ್ಲಚ್ ಎಳೆದವು, ಬಿಟ್ಟವು, ಗಾಡಿ ಮುಂದೆ ಹೋಯಿತು. ಜೀಪಿನಲ್ಲಿ ನನ್ನ ಪಕ್ಕದಲ್ಲಿದ್ದವರು ಹಿಡಿದಿದ್ದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಹಾಗೆಂದು ಒಂದೇ ರಾತ್ರಿಯಲ್ಲಿ ಅವಳು ದೊಡ್ಡ ಸವಾರಳಾದಳು ಎಂದರೆ ಸುಳ್ಳಾಗುತ್ತದೆ. ಬಾತಲ್ ಹತ್ತಿರದ ಮರಳಿನಲ್ಲಿ ಮುಂಗಾಲಿ ಹೂತು ಮತ್ತೊಮ್ಮೆ ಬಿದ್ದಳು. ಅಭ್ಯಾಸದಿಂದ ಬರಬೇಕಾದದ್ದನ್ನು ಸ್ಪ್ಯಾನರ್ ತಂದುಕೊಡುವುದಿಲ್ಲ. ಆದರೆ ಹುಡುಗ ನಕ್ಕಿದ್ದರ ಅರ್ಥ ಆಗ ತಿಳಿಯಿತು. ನೆಲಕ್ಕೆ ಬಡಿದ ಕ್ಲಚ್ ಲಿವರ್ ಮುರಿಯಲಿಲ್ಲ, ಹಿಡಿಕಟ್ಟಿನೊಂದಿಗೆ ತಿರುಗಿಕೊಂಡಿತು. ಅವಳು ಎದ್ದು, ಗಾಡಿ ಎತ್ತಿಸಿ, ಲಿವರನ್ನು ಅಂಗೈಯಿಂದ ಗುದ್ದಿ ಮೊದಲಿನ ಜಾಗಕ್ಕೆ ತಂದು ಹತ್ತಿದಳು. ಬಿಗಿಯಾಗಿದ್ದರೆ ತುಂಡಾಗುತ್ತಿತ್ತು, ಆ ನಿರ್ಜನದಲ್ಲಿ ಬೇರೆ ಲಿವರ್ ಎಲ್ಲಿಂದ ತರುವುದು?

ಬಾತಲ್‌ನಿಂದ ದಾರಿ ಸುತ್ತಿ ಸುತ್ತಿ ಸುಮಾರು 4,550 ಮೀಟರ್ ಎತ್ತರದ ಕುಂಜುಮ್ ಕಣಿವೆಮಾರ್ಗವನ್ನು ಏರುತ್ತದೆ. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 40ಕ್ಕೂ ಹೆಚ್ಚು ಕಡಿಮೆ. ಎಂಜಿನ್ನಿಗೂ ಏದುಸಿರು, ಮನುಷ್ಯನಿಗೂ ಏದುಸಿರು. ದಣಿದ ಕೈಗೆ ಪ್ರತಿ ಎಳೆತದಲ್ಲಿ ಉಳಿದ ಶಕ್ತಿಯ ಬೆಲೆ ತಿಳಿಯುವುದು ಇಲ್ಲಿ. ನೆತ್ತಿಯ ಮೇಲೆ ಕುಂಜುಮ್ ಮಾತೆಯ ಗುಡಿ. ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು. ಹೋಗುವ ವಾಹನಗಳು ಗುಡಿಗೆ ಒಂದು ಸುತ್ತು ಬಂದೇ ಮುಂದೆ ಹೋಗುವುದು ರೂಢಿ. ಈಚೆಯ ನೀರು ಚಿನಾಬಿಗೆ, ಆಚೆಯದು ಸ್ಪಿತಿ ನದಿಯ ಮೂಲಕ ಸಟ್ಲೆಜ್‌ಗೆ. ತಂದೆ ಮಗಳ ಹೆಲ್ಮೆಟ್ಟಿನ ಮೇಲಿದ್ದ ಮರಳನ್ನು ಕೊಡವಿ, “ಅಮ್ಮನಿಗೆ ಫೋನ್ ಮಾಡಿದಾಗ ಎಷ್ಟು ಸಲ ಬಿದ್ದೆ ಅಂತ ಲೆಕ್ಕ ಕೊಡಬೇಡ” ಎಂದರು. ಅಂದು ಸಂಜೆ ಲೋಸರ್ ಹಳ್ಳಿಯನ್ನು ದಾಟಿ ಕಾಜಾ ತಲುಪುವವರೆಗೂ ಅವಳು ಗಾಡಿ ಬಿಡಲಿಲ್ಲ.

ಗೇರಿನ ಮೋಟಾರ್ ಸೈಕಲ್ ಓಡಿಸಲು ಹದಿನೆಂಟು ವರ್ಷ ತುಂಬಿರಬೇಕು, ಲೈಸೆನ್ಸ್ ಇರಬೇಕು. ಇದರಲ್ಲಿ ವಿನಾಯಿತಿ ಇಲ್ಲ. ಅಲ್ಲಿಯವರೆಗೆ ಮನೆಯಲ್ಲಿರುವ ಸೈಕಲ್ ಸಾಕು. ತಂದೆ ತಾಯಂದಿರು ಈ ಭಾನುವಾರ ಮಗುವನ್ನು ಅದರ ಮೇಲೆ ಕೂರಿಸಿ ನೋಡಿ. ಪೆಡಲ್ ಅತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ಹೆಚ್ಚುಕಡಿಮೆ ನೇರವಾಗುತ್ತದೆಯೇ? ಮಣಿಕಟ್ಟು ಮುರಿಯದೆ ಎರಡು ಬೆರಳು ಬ್ರೇಕ್ ಲಿವರಿಗೆ ಎಟುಕುತ್ತವೆಯೇ? ಎಟುಕದಿದ್ದರೆ ಅನೇಕ ಸೈಕಲ್‌ಗಳ ಲಿವರಿನ ಬುಡದಲ್ಲಿ ಅದನ್ನು ಹತ್ತಿರ ತರುವ ಪುಟ್ಟ ಸ್ಕ್ರೂ ಇರುತ್ತದೆ. ಇಲ್ಲವಾದರೆ ಸೈಕಲ್ ಅಂಗಡಿಯವನಿಗೆ ತೋರಿಸಿ. ‘ನಿನಗೆ ಇದು ಆಗದು’ ಎಂದು ಮಗುವಿಗೆ ಹೇಳುವ ಮೊದಲು ಈ ಐದು ನಿಮಿಷದ ಕೆಲಸ ಮುಗಿದಿರಲಿ.